ಗಂಟೆಯಕ್ಕನ ಎರಡು ದನಿ

ಗೋದಾಮಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ಪೆದ್ದ, ಪರಿಚಯವೇ ಇಲ್ಲದ ಹೆಂಗಸಿನ ಮಾತು ಕೇಳಿ ಹೋಗಿ ಸೋಪಿನ ಪೆಟ್ಟಿಗೆಗಳ ಪಕ್ಕದಲ್ಲಿ ಕಾಲು ಗಂಟೆ ನಿಂತಿದ್ದ.

ಹನ್ನೆರಡನೇ ಸಾಲಿನಲ್ಲಿ ಅವಳು ಟ್ರಾಲಿ ತಳ್ಳಿಕೊಂಡು ಎದುರಾದಳು. ಹೊಸ ಜಾಗ, ಹಿರಿಯ ಹೆಂಗಸು. ಮಾತಾಡಿಸುವುದು ಮರ್ಯಾದೆ ಎಂದುಕೊಂಡು ಇವನು ಹಲ್ಲು ಕಿರಿದು, “ನಮಸ್ಕಾರ, ನಾನು ಇವತ್ತೇ ಸೇರಿದವನು” ಎಂದ.

“ಮತ್ತೊಮ್ಮೆ” ಎಂದಳು ಅವಳು, ಇವನ ಮುಖದ ಕಡೆಗೇ ನೋಡುತ್ತ.

ಕೇಳಿಸಲಿಲ್ಲವೇನೋ ಎಂದು ಇವನು ಜೋರಾಗಿ ಹೇಳಿದ.

“ಮತ್ತೊಮ್ಮೆ.”

ಈ ಸಲ ತನ್ನ ಹೆಸರು, ಓದಿದ್ದೆಷ್ಟು, ಯಾರ ಕಡೆಯಿಂದ ಬಂದದ್ದು ಎಲ್ಲವನ್ನೂ ಸೇರಿಸಿ ಒಪ್ಪಿಸಿದ.

“ಏಳು, ಮೂರು” ಎಂದಳು.

ವಯಸ್ಸು ಊಹಿಸುತ್ತಿದ್ದಾಳೆಂದು ತಿಳಿದು ಇವನು, “ಅಯ್ಯೋ ಇಲ್ಲಕ್ಕಾ, ಇಪ್ಪತ್ತನಾಲ್ಕು” ಎಂದ.

“ಆಯ್ತು. ಮುಂದೆ.”

ಇವನು ಮುಂದೆ ಹೋದ. ಹೋಗಿ, ಇನ್ನೂ ಏನಾದರೂ ಅಪ್ಪಣೆಯಾಗಬಹುದೆಂದು ಕೈ ಕಟ್ಟಿ ನಿಂತ. ಅವಳು ಮೂರು ಸಾಲು ಸುತ್ತಿ ವಾಪಸು ಬಂದಾಗಲೂ ಅಲ್ಲೇ ಇದ್ದ. ಆಗ ಅವಳು ಒಂದು ಕಿವಿಯ ಮೇಲಿನ ಹೆಡ್‌ಸೆಟ್ ಸರಿಸಿ ಕೇಳಿದಳು:

“ಯಾಕಪ್ಪಾ ಇಲ್ಲಿ ನಿಂತಿದ್ದೀಯ? ಯಾರಾದ್ರೂ ಶಿಕ್ಷೆ ಕೊಟ್ಟಿದ್ದಾರಾ?”

“ನೀವೇ ಅಲ್ವಾ ಅಕ್ಕಾ ಮುಂದೆ ಹೋಗು ಅಂದಿದ್ದು.”

ಅವಳು ನಕ್ಕಳು. ಆ ನಗು ಆ ತಗಡಿನ ಚಾವಣಿಗೆ ತಾಗಿ, ಇಪ್ಪತ್ತೆರಡು ಸಾಲುಗಳ ಆ ತುದಿಗೆ ಹೋಗಿ ಬಂತು. ಅಲ್ಲಿದ್ದ ಫೋರ್ಕ್‌ಲಿಫ್ಟ್ ಡ್ರೈವರ್ ಗಾಡಿ ನಿಲ್ಲಿಸಿ, “ಯಾರಕ್ಕಾ ಬಲಿ ಬಿದ್ದಿದ್ದು?” ಎಂದು ಕೂಗಿ ಕೇಳಿದ.

ಆ ಪೆದ್ದ ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವ ನಾನೇ. ಒಪ್ಪಿಕೊಂಡದ್ದಾಯಿತು, ಇನ್ನು ಮುಂದೆ ಅವನನ್ನು ಗೋದಾಮಿನವರು ಕರೆಯುವ ಹಾಗೆ ‘ಚಾರ್ಜರ್’ ಎಂದೇ ಕರೆಯುತ್ತೇನೆ. ಸಂಜೆ ಎಲ್ಲರ ಮೊಬೈಲುಗಳನ್ನು ಕಿತ್ತು ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಕಿತ್ತು ಹಂಚುವುದು ಅವನ ಕೆಲಸ. ಅದಕ್ಕೆ ಆ ಬಿರುದು. ಇದು ಅವನ ಕಥೆಯಲ್ಲ, ಅಕ್ಕನದು. ಆದರೆ ಅದು ಕೆಟ್ಟದ್ದರಲ್ಲಿ ಅವನದೂ ಒಂದು ಪಾಲಿದೆ. ಅಂಥವನನ್ನು ‘ನಾನು’ ಅನ್ನುವುದಕ್ಕಿಂತ ‘ಅವನು’ ಅನ್ನುವುದು ಸಲೀಸು.

ಅಕ್ಕ ಮಾತಾಡುತ್ತಿದ್ದದ್ದು ತನ್ನ ಸೊಂಟದ ಮೊಬೈಲಿನ ಜೊತೆ. ಗೋದಾಮಿನಲ್ಲಿ ಸಾಮಾನು ಆರಿಸುವವರ ಎರಡು ಕೈಯೂ ಪೆಟ್ಟಿಗೆಗಳಿಗೆ ಮೀಸಲು. ಮೊಬೈಲು ಮುಟ್ಟಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ, ಕಂಪನಿಯೂ ಕೊಡುವುದಿಲ್ಲ. ಹಾಗಾಗಿ ಎಲ್ಲವೂ ಬಾಯಲ್ಲೇ ಆಗಬೇಕು. ‘ಹನ್ನೆರಡನೇ ಸಾಲು, ನಲವತ್ತನೇ ಖಾನೆ’ ಎಂದು ಕಿವಿಯಲ್ಲಿ ಮೆಷಿನ್ನು ಹೇಳುತ್ತದೆ. ನಡೆದು ಹೋಗಿ, ಖಾನೆಯ ಮೇಲೆ ಬರೆದ ಎರಡು ಅಂಕಿಗಳನ್ನು ಓದಿ ಹೇಳಬೇಕು. ಸರಿಯಾದ ಜಾಗಕ್ಕೆ ಬಂದಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ. ಆಗ ಅದು ‘ಆರು’ ಎನ್ನುತ್ತದೆ. ಆರು ಪೆಟ್ಟಿಗೆ ಟ್ರಾಲಿಗೆ ಹಾಕಿ ‘ಆಯ್ತು, ಮುಂದೆ’ ಎನ್ನಬೇಕು. ತನಗೆ ಕೇಳಿಸದಿದ್ದರೆ ‘ಮತ್ತೊಮ್ಮೆ’ ಎನ್ನಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಹದಿಮೂರು ಕಿಲೋಮೀಟರಿನ ನಡಿಗೆಯ ಉದ್ದಕ್ಕೂ ಇದೇ ಗಿಣಿಪಾಠ.

ಉಳಿದವರು ಈ ಪಾಠ ಒಪ್ಪಿಸುತ್ತ ದಿನಕ್ಕೆ ಹತ್ತು ಸಲ ಮೆಷಿನ್ನಿಗೆ ಬೈಯುತ್ತಿದ್ದರು. ಅಕ್ಕನಿಗೆ ಆ ಗೋಜಿರಲಿಲ್ಲ. ಅವಳ ದನಿ ಅಷ್ಟು ಸ್ವಚ್ಛ. ಟ್ರಾಲಿಗಳ ಕಿರುಗುಟ್ಟುವಿಕೆ, ಫೋರ್ಕ್‌ಲಿಫ್ಟಿನ ಪೀಂ ಪೀಂ, ಎಲ್ಲದರ ಮಧ್ಯೆಯೂ ಅವಳು ಒಂದು ಸಲ ಹೇಳಿದರೆ ಮುಗಿಯಿತು. ಗಂಟೆಯಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಕಾಗದದ ಪಟ್ಟಿ ಹಿಡಿದು ಸಾಮಾನು ಹುಡುಕುತ್ತಿದ್ದ ಕಾಲದಿಂದಲೂ, ಹನ್ನೊಂದು ವರ್ಷ, ಅವಳು ಅಲ್ಲಿದ್ದಳು. ಗೋಡೆಯ ಫಲಕದಲ್ಲಿ ಪ್ರತಿಯೊಬ್ಬರ ಸಂಖ್ಯೆಯ ಮುಂದೆ ವಾರಕ್ಕೊಂದು ಚುಕ್ಕಿ ಅಂಟಿಸುತ್ತಿದ್ದರು: ಚುರುಕಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ನಿಧಾನವಾದರೆ ಕೆಂಪು. ಅಕ್ಕನ ಸಾಲು ನೋಡಿದರೆ ಬಟಾಣಿ ಸುರಿದ ಹಾಗೆ ಹಸಿರು. ಸತತ ಮೂರು ಕೆಂಪು ಬಿದ್ದವರನ್ನು ಹಿಂಬದಿಯ ಅಂಗಳಕ್ಕೆ, ಲಾರಿಗೆ ಮೂಟೆ ತುಂಬುವ ಕೆಲಸಕ್ಕೆ ಹಾಕುತ್ತಿದ್ದರು. ನಲವತ್ತೇಳು ವಯಸ್ಸಿನ, ಸೊಂಟ ಹಿಡಿದ ಹೆಂಗಸು ಅಲ್ಲಿ ಎಷ್ಟು ದಿನ ನಿಲ್ಲುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಕಂಪನಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ನಿಜ, ಅಂಗಳಕ್ಕೆ ಹೋದವರು ತಾವೇ ಬಿಡುತ್ತಿದ್ದರು.

ಆ ದನಿಗೆ ಮನೆಯಲ್ಲಿ ಇನ್ನೊಬ್ಬ ಗಿರಾಕಿ ಇದ್ದರು. ಅಕ್ಕನ ಗಂಡ, ಚಾರ್ಜರ್ ಮತ್ತು ಡ್ರೈವರ್ ಇಬ್ಬರ ಬಾಯಲ್ಲೂ ‘ಭಾವ’. ಮರ ಕೊಯ್ಯುವ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಕಿವಿ ಎರಡನ್ನೂ ಗರಗಸಕ್ಕೆ ಕೊಟ್ಟು ಮನೆಗೆ ಬಂದವರು. ಈಗ ಮುಂದಿನ ಕೋಣೆಯಲ್ಲಿ ಕೂತು ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಕಿವಿಗೆ ಹಾಕುವ ಯಂತ್ರವೊಂದನ್ನು ಅಕ್ಕ ಕೊಡಿಸಿದ್ದಳು. ಅದು ಮೇಜಿನ ಡ್ರಾಯರಿನಲ್ಲಿ ಮಲಗಿತ್ತು. “ಅದ್ರಲ್ಲಿ ಎಲ್ಲ ಕೇಳ್ಸುತ್ತೆ ಕಣಯ್ಯಾ, ಬೇಕಾದ್ದೊಂದು ಬಿಟ್ಟು” ಎನ್ನುತ್ತಿದ್ದರು ಭಾವ. ಯಾವ ಯಂತ್ರವೂ ಇಲ್ಲದೆ ಅವರಿಗೆ ಕೇಳಿಸುತ್ತಿದ್ದದ್ದು ಲೋಕದಲ್ಲಿ ಒಂದೇ ದನಿ. ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ರೀ, ಬಂದೆ” ಅಂದರೆ ಸಾಕು, ಬೆತ್ತದಿಂದ ತಲೆಯೆತ್ತಿ “ಬಂದ್ಯಾ?” ಎನ್ನುತ್ತಿದ್ದರು. ಅಲ್ಲಿಂದ ಮಲಗುವವರೆಗೆ ಇಬ್ಬರದೂ ಒಂದೇ ಜಗಳ, ಒಂದೇ ನಗು. ಉಳಿದವರೆಲ್ಲ ಅವರ ಪಾಲಿಗೆ ಬಾಯಿ ಆಡಿಸುವ ಮೀನುಗಳು.

ಇಷ್ಟರಲ್ಲಿ ಅಕ್ಕನಿಗೆ ನೆಗಡಿ ಆಯಿತು.

ಹದಿನೇಳನೇ ಸಾಲಿನಲ್ಲಿ ಬಟ್ಟೆ ಒಗೆಯುವ ಪುಡಿಯ ಪೆಟ್ಟಿಗೆಗಳು ಒಡೆದು ಎರಡು ದಿನ ಗಾಳಿಯಲ್ಲೆಲ್ಲ ಅದೇ ಪುಡಿ ಇತ್ತು. ನೆಗಡಿ ಹೋಯಿತು, ಗಂಟಲು ಉಳಿಯಿತು. ಅಕ್ಕನ ದನಿ ಹರಿದ ಚೀಲ ಎಳೆದ ಹಾಗಾಯಿತು. ಅವಳು ‘ಆಯ್ತು’ ಎಂದರೆ ಮೆಷಿನ್ನು ‘ಮತ್ತೊಮ್ಮೆ ಹೇಳಿ’ ಎನ್ನುತ್ತಿತ್ತು. ಮತ್ತೆ ಹೇಳಿದರೆ ಮತ್ತೆ ಅದೇ. ಒಂದು ಸಾಲು ಮುಗಿಸುವಷ್ಟರಲ್ಲಿ ಉಳಿದವರು ಮೂರು ಮುಗಿಸುತ್ತಿದ್ದರು. ಆ ವಾರ ಬಟಾಣಿಗಳ ಕೊನೆಯಲ್ಲಿ ಹಳದಿ ಬಿತ್ತು. ಮುಂದಿನ ವಾರ ಕೆಂಪು. ಅದರ ಮುಂದಿನ ವಾರವೂ ಕೆಂಪು.

“ಇನ್ನೊಂದು ಬಿದ್ರೆ ಅಂಗಳಾನೇ ಗತಿ” ಎಂದಳು ಅಕ್ಕ, ಮೊಬೈಲು ಹಂಚುವ ಚಾರ್ಜರ್‌ನ ಕಿಟಕಿಯ ಮುಂದೆ ನಿಂತು, ಆ ಹರಿದ ದನಿಯಲ್ಲಿ.

ಚಾರ್ಜರ್‌ಗೆ ಆಗ ತಲೆ ಓಡಿತು. ಅವನ ತಲೆ ಓಡಿದಾಗಲೆಲ್ಲ ಬೇರೆ ಯಾರಾದರೂ ಎಡವಿ ಬೀಳುವುದು ವಾಡಿಕೆ, ಆದರೆ ಅದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಪ್ರತಿಯೊಬ್ಬರ ದನಿಯನ್ನೂ ಮೆಷಿನ್ನಿಗೆ ಮೊದಲು ಕಲಿಸಬೇಕು: ಮೂವತ್ತೆಂಟು ಮಾತು, ಒಂದೊಂದನ್ನು ನಾಲ್ಕು ಸಲ. ಅಕ್ಕನ ಹಳೆಯ ಪಾಠವನ್ನು ಅಳಿಸಿ ಹೊಸ ದನಿಯಲ್ಲಿ ಕಲಿಸಿಬಿಟ್ಟರೆ? ಮಂಗಳವಾರ ಬೆಳಿಗ್ಗೆ ಕೂರಿಸಿ ಕಲಿಸಿಯೇ ಬಿಟ್ಟ. ಎದ್ದು ಹೋಗಿ ಅಕ್ಕ ಹರಕು ದನಿಯಲ್ಲಿ ‘ಆಯ್ತು’ ಎಂದಳು. ಮೆಷಿನ್ನು ತುಟಿಪಿಟಕ್ ಎನ್ನದೆ ಮುಂದಿನ ಸಾಲು ಹೇಳಿತು. ಶನಿವಾರ ಹಸಿರು ಚುಕ್ಕಿ ಬಿತ್ತು. ಅಕ್ಕ ಅವನ ಕಿಟಕಿಯೊಳಗೆ ಎರಡು ಬಾಳೆಹಣ್ಣು ಇಟ್ಟು ಹೋದಳು. ಚಾರ್ಜರ್ ಆ ದಿನ ಕನ್ನಡಿಯಲ್ಲಿ ತನ್ನನ್ನು ತಾನೇ ಎರಡು ಸಲ ನೋಡಿಕೊಂಡ.

ಹಾಗೆ ಕಲಿಸುವ ಮೊದಲು ಡಾಕ್ಟರ ಚೀಟಿ ಕೇಳಬೇಕೆಂಬ ನಿಯಮವೊಂದಿತ್ತು. ಅವನು ಕೇಳಿರಲಿಲ್ಲ. ಕೇಳಿದ್ದರೆ ಒಂದು ವಾರ ತಡವಾಗುತ್ತಿತ್ತು.

ಮಾತ್ರೆ, ಬಿಸಿನೀರು, ಮೂರು ದಿನದ ರಜೆ. ಅಕ್ಕನ ಗಂಟಲು ನಿಧಾನವಾಗಿ ತಿಳಿಯಾಯಿತು. ಒಂದು ಸೋಮವಾರ ಬೆಳಿಗ್ಗೆ ಒಲೆಯ ಮುಂದೆ ನಿಂತು “ರೀ, ಟೀ” ಎಂದಳು. ಐದು ವಾರದಿಂದ ಅವಳ ತುಟಿಯನ್ನೇ ನೋಡಿ ನೋಡಿ ಸೋತಿದ್ದ ಭಾವ ಬೆನ್ನು ತಿರುಗಿಸಿ ಕೂತಿದ್ದರು. ಬೆನ್ನು ತಿರುಗಿಸಿಕೊಂಡೇ, “ತಂದ್ಯಾ?” ಎಂದರು. ಅಕ್ಕ ಲೋಟ ಹಿಡಿದುಕೊಂಡು ಅಲ್ಲೇ ಒಂದು ಗಳಿಗೆ ನಿಂತಳು. ಕುಣಿಯುತ್ತ ಕೆಲಸಕ್ಕೆ ಬಂದಳು.

ಗಂಟೆಯಂಥ ದನಿಯಲ್ಲಿ ಮೊದಲ ‘ಆಯ್ತು’ ಎಂದಳು. ಮೆಷಿನ್ನು ‘ಮತ್ತೊಮ್ಮೆ ಹೇಳಿ’ ಎಂದಿತು.

ಹನ್ನೊಂದು ಗಂಟೆಯ ಹೊತ್ತಿಗೆ ಚಾರ್ಜರ್‌ನ ಕಿಟಕಿಗೆ ಬಂದು ಟೊಪ್ಪಿಗೆ ಬಿಚ್ಚುವ ಹಾಗೆ ಹೆಡ್‌ಸೆಟ್ ಕಿತ್ತು ಇಟ್ಟಳು. “ಇದಕ್ಕೆ ನಾನ್ಯಾರು ಅಂತಾನೇ ಮರ್ತೋಗಿದೆ ಕಣೋ. ಹಳೇದನ್ನೇ ವಾಪಸ್ ಹಾಕು.”

ಹಳೆಯದನ್ನು ಅವನು ಅಳಿಸಿದ್ದ. ಹೊಸದಾಗಿ ಕಲಿಸೋಣವೆಂದರೆ ವರ್ಷಕ್ಕೆ ಎರಡೇ ಸಲ ಅವಕಾಶ. ಈ ವರ್ಷ ಹೊಸ ಹೆಡ್‌ಸೆಟ್ ಬಂದಾಗ ಒಂದು, ಮೊನ್ನೆ ಒಂದು. ಮೂರನೆಯದಕ್ಕೆ ಕಚೇರಿಗೆ ಅರ್ಜಿ ಹೋಗಬೇಕು. ಅದರಲ್ಲಿ ಹಿಂದಿನ ಸಲದ ಡಾಕ್ಟರ ಚೀಟಿ ಲಗತ್ತಿಸಬೇಕು. ಇಲ್ಲದ ಚೀಟಿ ಎಲ್ಲಿಂದ ಬರಬೇಕು? ಚಾರ್ಜರ್ ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳಿಗೆ ಅವನ ಕೆಲಸ ಕಾಯಂ ಆಗುವುದಿತ್ತು.

“ವರ್ಷ ಮುಗಿಯೋಕೆ ಇನ್ನು ಹನ್ನೊಂದು ವಾರ ಅಕ್ಕಾ” ಎಂದ. “ಅಲ್ಲೀತನಕ ಆ ನೆಗಡಿ ದನಿಯಲ್ಲೇ ಮಾತಾಡಿಬಿಡಿ. ನೀವು ಯಾರ ದನಿ ಬೇಕಾದ್ರೂ ಅಣಕಿಸ್ತೀರಲ್ಲ.”

“ಬೇರೆ ದಾರಿ ಏನೂ ಇಲ್ವಾ?”

“ಇಲ್ಲ ಅಕ್ಕಾ.”

ಅಕ್ಕ ಗಂಟಲನ್ನು ಬಿಗಿಹಿಡಿದು, ಹರಿದ ಚೀಲ ಎಳೆದಂತೆ “ಆಯ್ತು” ಎಂದಳು. ಮೆಷಿನ್ನು ತಕ್ಷಣ ಒಪ್ಪಿತು. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರ್ ಅಂತೂ, “ಅಕ್ಕಾ, ನಿಮ್ಮ ಮೈಗೆ ಯಾರೋ ಮುದುಕ ಬಂದಿದ್ದಾನೆ, ಹಾಗೇ ಇರ್ಲಿ, ಬಿಡಿಸಬೇಡಿ” ಎಂದ. ಅಕ್ಕನೂ ನಕ್ಕಳು. ಹೀಗೆ ಶುರುವಾಯಿತು.

ಹಗಲು ಎಂಟು ಗಂಟೆ ಕೆಟ್ಟ ದನಿ, ಸಂಜೆ ಮನೆಯಲ್ಲಿ ಒಳ್ಳೆಯ ದನಿ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ನಡುವೆ ಸಿಕ್ಕಿದ್ದು ಒಂದೇ ಗಂಟಲು. ಬಿಗಿಹಿಡಿದು ಎರಡು ಸಾವಿರ ಸಲ ‘ಆಯ್ತು’ ಎಂದ ಗಂಟಲು ಸಂಜೆ ಸಡಿಲವಾಗಲು ಒಪ್ಪುತ್ತಿರಲಿಲ್ಲ. ಮೊದಲ ವಾರ ಬಾಗಿಲಲ್ಲಿ “ರೀ, ಬಂದೆ” ಅಂದರೆ ಭಾವ ತಲೆಯೆತ್ತುತ್ತಿದ್ದರು. ಮೂರನೆಯ ವಾರ ಎರಡು ಸಲ ಹೇಳಬೇಕಾಯಿತು. ನಾಲ್ಕನೆಯ ವಾರ ಅವಳು ಹೋಗಿ ಭುಜ ಮುಟ್ಟಿದಾಗ ಅವರು ಬೆಚ್ಚಿಬಿದ್ದು ಕೈಯ ಬೆತ್ತ ಮುರಿದುಕೊಂಡರು.

“ಯಾಕೆ ಕಳ್ಳಿ ಥರ ಬರ್ತೀಯ? ಬಾಯಿ ಇಲ್ವಾ?” ಎಂದು ರೇಗಿದರು.

“ಇದೆಯಲ್ರೀ!” ಎಂದು ಅಕ್ಕ ಕಿರುಚಿದಳು. ಕಿರುಚಿದ್ದು ಪಕ್ಕದ ಮನೆಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಅವಳು ಚೀಟಿಯಲ್ಲಿ ಬರೆದು ತೋರಿಸಿದಳು. ಅವರು ಕನ್ನಡಕ ಹುಡುಕುತ್ತ, “ಎಲ್ಲಿಟ್ಟೆ ಕನ್ನಡಕಾನ?” ಎಂದು ಕೇಳಿದರು. ಅದನ್ನೂ ಚೀಟಿಯಲ್ಲೇ ಬರೆಯಬೇಕಾಯಿತು.

ಗಂಟಲಿನ ಡಾಕ್ಟರಮ್ಮ ಕನ್ನಡಿ ಹಾಕಿ ನೋಡಿದರು. “ಇದು ನೆಗಡಿ ಅಲ್ಲ. ದಿನವಿಡೀ ಏನು ಮಾಡ್ತೀರಿ ಈ ಗಂಟಲಿಗೆ?” ಎಂದು ಕೇಳಿದರು. “ಮಾತು ನಿಲ್ಲಿಸಿ. ಪಿಸುಗುಟ್ಟಲೂಬೇಡಿ. ಹೀಗೇ ಉಜ್ಜಿದ್ರೆ ಒಂದು ದಿನ ಏನೂ ಉಳಿಯಲ್ಲ” ಎಂದು ಚೀಟಿ ಬರೆದುಕೊಟ್ಟರು. ಚೀಟಿ ಅಕ್ಕನ ಬ್ಯಾಗಿನಲ್ಲೇ ಉಳಿಯಿತು. ಕಚೇರಿಗೆ ಕೊಟ್ಟರೆ ಅವರಿಗೆ ಗೊತ್ತಿದ್ದ ಒಂದೇ ಮದ್ದು ಅಂಗಳ.

ಆಗಲೇ ಹೊಸ ಮೆಷಿನ್ನು ಬಂತು. ಹಣೆಗೆ ಕಟ್ಟುವ ಒಂದು ಪಟ್ಟಿ. ಬಾಯಿ ಬಿಚ್ಚುವಂತೆಯೇ ಇಲ್ಲ. ತಲೆಯನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿದರೆ ‘ಖಾನೆಗೆ ಬಂದೆ’, ಇನ್ನೊಂದು ಸಲ ಆಡಿಸಿದರೆ ‘ಆಯ್ತು’. ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟಿದರೆ ‘ಮತ್ತೊಮ್ಮೆ’. ಆರು ಜನರ ಮೇಲೆ ಪ್ರಯೋಗವಾಗಬೇಕಿತ್ತು. ಚಾರ್ಜರ್ ಆ ಆರು ಹೆಸರುಗಳಲ್ಲಿ ಅಕ್ಕನದನ್ನೇ ಮೊದಲು ಬರೆದ. ತಾನು ಮಾಡಿದ ಗಾಯಕ್ಕೆ ತಾನೇ ಮುಲಾಮು ತಂದೆನೆಂದು ಅವನಿಗೆ ಒಳಗೊಳಗೇ ಸಮಾಧಾನ.

ಎರಡು ದಿನ ಸ್ವರ್ಗ. ಅಕ್ಕ ಕೋಲೆ ಬಸವನ ಹಾಗೆ ತಲೆಯಾಡಿಸಿಕೊಂಡು ತುಟಿ ಬಿಚ್ಚದೆ ಹದಿಮೂರು ಕಿಲೋಮೀಟರ್ ನಡೆದಳು. ಎರಡನೆಯ ದಿನ ಸಂಜೆ ಬಾಗಿಲಲ್ಲಿ ನಿಂತು ಮೆಲ್ಲಗೆ “ರೀ” ಎಂದಳು. ಭಾವ ತಲೆಯೆತ್ತಲಿಲ್ಲ, ಆದರೆ ಅವರ ಕೈ ಒಂದು ಕ್ಷಣ ನಿಂತಿತು. ಅಷ್ಟೇ ಸಾಕಾಯಿತು ಅವಳಿಗೆ.

ಮೂರನೆಯ ದಿನ ತೊಡಕು ಗೊತ್ತಾಯಿತು. ಆ ಗೋದಾಮಿನಲ್ಲಿ ಯಾವ ಗೋಡೆಯ ಮೇಲೂ ಬರೆಯದ ಒಂದು ಪದ್ಧತಿ ಇತ್ತು. ಸಾಲುಗಳು ಕೂಡುವ ಮೂಲೆಯಲ್ಲಿ ಫೋರ್ಕ್‌ಲಿಫ್ಟ್ ಎದುರಾದರೆ ನಡೆಯುವವರು ತಲೆಯಾಡಿಸಬೇಕು. ಆಡಿಸಿದರೆ ‘ನಿನ್ನನ್ನು ನೋಡಿದೆ, ನೀನು ಹೋಗು’. ಆಡಿಸದಿದ್ದರೆ ‘ನಾನು ಹೋಗುತ್ತೇನೆ, ನೀನು ನಿಲ್ಲು’. ಹನ್ನೊಂದು ವರ್ಷದಿಂದ ಅಕ್ಕನ ಕುತ್ತಿಗೆ ಇದನ್ನು ತಾನಾಗಿಯೇ ಮಾಡುತ್ತಿತ್ತು. ಈಗಲೂ ಮಾಡಿತು. ಒಂದು ಮೂಲೆಯಲ್ಲಿ ತಲೆಯಾಡಿಸಿದಳು, ಮೆಷಿನ್ನು ‘ಖಾನೆಗೆ ಬಂದಳು’ ಎಂದುಕೊಂಡಿತು. ಮುಂದಿನ ಮೂಲೆಯಲ್ಲಿ ಆಡಿಸಿದಳು, ‘ಆಯ್ತು’ ಎಂದುಕೊಂಡು ಮುಂದಿನ ಸಾಲಿಗೆ ಹೋಯಿತು. ಸಾಮಾನು ಖಾನೆಯಲ್ಲೇ ಕೂತಿತ್ತು. ವಾಪಸು ಕೇಳೋಣವೆಂದು ಹಿಮ್ಮಡಿ ಕುಟ್ಟಿದರೆ, ಕುಟ್ಟಿದ್ದು ಯಾವುದು, ಹೆಜ್ಜೆ ಯಾವುದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ನೆಲದ ಸಿಮೆಂಟು ಬಿರುಕು ಬಿಟ್ಟ ಕಡೆಯೆಲ್ಲ ಅದು ತಾನಾಗಿಯೇ ಮೂರು ಮೂರು ಸಲ ‘ಹದಿನಾಲ್ಕನೇ ಸಾಲು, ಹದಿನಾಲ್ಕನೇ ಸಾಲು’ ಎಂದು ಜಪ ಮಾಡುತ್ತಿತ್ತು.

ವಾರದ ಕೊನೆಗೆ ಯಾವುದೋ ಅಂಗಡಿಗೆ ಇಪ್ಪತ್ತಮೂರು ಪೆಟ್ಟಿಗೆ ಕಡಿಮೆ ಹೋಗಿತ್ತು. ಮ್ಯಾನೇಜರ್ ಕರೆದು, “ತಲೆ ಇರೋದು ಸುಮ್ಮನೆ ಆಡಿಸೋಕಲ್ಲಮ್ಮ” ಎಂದರು.

ಅಂದಿನಿಂದ ಅಕ್ಕ ಕುತ್ತಿಗೆಗೆ ಕೋಲು ಕಟ್ಟಿದವಳ ಹಾಗೆ ನಡೆಯತೊಡಗಿದಳು. ಯಾರು ಮಾತಾಡಿಸಿದರೂ ತಲೆ ಕದಲದು, ಬಾಯಿಯೂ ಬಿಚ್ಚುವಂತಿಲ್ಲ.

“ಏನಕ್ಕಾ, ಹಣೆಗೆ ಪಟ್ಟಿ ಬಂದ್ಮೇಲೆ ನಾವೆಲ್ಲ ಕಾಣಲ್ವಾ?” ಎಂದ ಡ್ರೈವರ್, ಅರ್ಧ ತಮಾಷೆ, ಅರ್ಧ ನೋವು. ಅಕ್ಕ ಕಣ್ಣು ಅಗಲಿಸಿ ಏನೋ ಹೇಳಲು ನೋಡಿದಳು. ಕಣ್ಣಿನ ಭಾಷೆ ಅವನಿಗೆ ಬರುತ್ತಿರಲಿಲ್ಲ.

ಹನ್ನೊಂದನೆಯ ದಿನ ಹತ್ತೊಂಬತ್ತನೇ ಸಾಲಿನ ಮೂಲೆಯಲ್ಲಿ ಇಬ್ಬರೂ ಎದುರಾದರು. ಅವನು ಮೊದಲು ಹೋಗಲಿ ಎಂದು ಅಕ್ಕ ನಿಂತಳು, ಆದರೆ ತಲೆಯಾಡಿಸಲಿಲ್ಲ. ತಲೆಯಾಡಿಸದಿದ್ದರೆ ಅವಳೇ ಹೋಗುತ್ತಾಳೆಂದು ಅರ್ಥ, ಅವನೂ ನಿಂತ. ಅವಳು ಕಾದಳು. ಅವನು ಕಾದ. ಕೊನೆಗೆ ಇಬ್ಬರಿಗೂ ಒಟ್ಟಿಗೇ ಬೇಸರ ಬಂದು ಇಬ್ಬರೂ ಒಟ್ಟಿಗೇ ಹೊರಟರು. ಗಾಡಿಯ ಕಬ್ಬಿಣದ ಕೊಂಬುಗಳು ಟ್ರಾಲಿಯನ್ನು ಪಕ್ಕದಿಂದ ಸೀಳಿಕೊಂಡು ಹೋದವು. ಅಕ್ಕನ ಮೊಣಕೈಗೂ ಕೊಂಬಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ನೆಲದ ತುಂಬ ಶಾಂಪೂ. ಡ್ರೈವರ್ ಗಾಡಿಯಿಂದ ಹಾರಿ, ಅದರಲ್ಲೇ ಜಾರಿ ಬಿದ್ದು, ಬಿದ್ದಲ್ಲಿಂದಲೇ “ಅಕ್ಕಾ! ಅಕ್ಕಾ!” ಎಂದು ಕೂಗಿದ. ಏನೂ ಆಗಿಲ್ಲ ಎಂದು ಅಕ್ಕ ತಲೆಯಾಡಿಸಿದಳು. ಮೆಷಿನ್ನು ಅದನ್ನು ‘ಆಯ್ತು’ ಎಂದು ಬರೆದುಕೊಂಡಿತು.

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ಚಾರ್ಜರ್ ಬಾಗಿಲ ಹತ್ತಿರ ಮೆಷಿನ್ನು ಹಿಡಿದು ನಿಂತಿದ್ದ.

“ತಲೆ ಯಾಕಮ್ಮ ಆಡಿಸಲಿಲ್ಲ?”

“ಆಡಿಸಿದ್ದಕ್ಕೆ ಮೊನ್ನೆ ಬೈದ್ರಲ್ಲ ಸಾರ್” ಎಂದಳು ಅಕ್ಕ. ಹನ್ನೊಂದು ದಿನದ ಮೌನದಿಂದ ದನಿ ಅರ್ಧ ತಿಳಿಯಾಗಿತ್ತು.

ಮ್ಯಾನೇಜರ್ ಪೆನ್ನನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ಪ್ರಯೋಗ ಅಲ್ಲಿಗೆ ಮುಗಿಯಿತು. ಪಟ್ಟಿಗಳೆಲ್ಲ ಪೆಟ್ಟಿಗೆ ಸೇರಿದವು. ನಾಳೆಯಿಂದ ಎಲ್ಲರೂ ಮೊದಲಿನ ಹಾಗೆ ಬಾಯಲ್ಲೇ.

ಹೊರಗೆ ಬಂದು ಅಕ್ಕ ಚಾರ್ಜರ್‌ನ ಕಿಟಕಿಗೆ ಒರಗಿದಳು. “ಈಗ ಸ್ವಲ್ಪ ಸರಿ ಹೋಗ್ತಾ ಇತ್ತು ಕಣೋ. ಮತ್ತೆ ಆ ದನಿ ತೆಗೆದ್ರೆ ಮುಗೀತು ಅಂತಾರೆ ಡಾಕ್ಟರಮ್ಮ. ನೋಡು, ಹೇಗಾದ್ರೂ ಇನ್ನೊಂದ್ಸಲ ಕಲಿಸೋಕೆ ಆಗುತ್ತಾ?”

ಅರ್ಜಿಯ ಹಾಳೆಗಳು ಅವನ ಡ್ರಾಯರಿನಲ್ಲೇ ಇದ್ದವು, ಒಂದು ಕಟ್ಟು. ಅವಳು ಚೀಟಿಯನ್ನೂ ತೆಗೆದು ತೋರಿಸಿದಳು. ಆದರೆ ಅದರಲ್ಲಿ ತಾರೀಖು ಇತ್ತು: ಅವನು ಎರಡನೆಯ ಸಲ ಕಲಿಸಿ ಆರು ವಾರದ ಮೇಲಿನ ತಾರೀಖು. ಆ ಹಾಳೆ ಕಚೇರಿಗೆ ಹೋದರೆ, ಮೊದಲ ಚೀಟಿ ಎಲ್ಲಿ ಎಂದು ಕೇಳುವುದು ಅಕ್ಕನನ್ನಲ್ಲ, ಅವನನ್ನು. ಕಾಯಂ ಆಗುವ ಪತ್ರ ಆ ತಿಂಗಳ ಕೊನೆಗೆ ಬರುವುದಿತ್ತು.

“ಇನ್ನು ನಾಲ್ಕೇ ವಾರ ಅಕ್ಕಾ” ಎಂದ. “ಹೊಸ ವರ್ಷದ ಲೆಕ್ಕ ಶುರುವಾದ ಮೊದಲನೇ ದಿನಾನೇ ನಿಮ್ಮದನ್ನೇ ಮೊದಲು ಮಾಡ್ತೀನಿ.”

ಅಕ್ಕ ಅವನ ಮುಖವನ್ನು ಒಂದು ಕ್ಷಣ ನೋಡಿದಳು. “ಸರಿ ಬಿಡು” ಎಂದಳು.

ನಾಲ್ಕು ವಾರ ಗಂಟಲು ಬಾಳಿಕೆ ಬರಲಿಲ್ಲ. ಹದಿನೈದನೆಯ ದಿನ, ಗುರುವಾರ ಬೆಳಿಗ್ಗೆ, ಐದನೇ ಸಾಲಿನಲ್ಲಿ ಅಕ್ಕ ಬಾಯಿ ತೆರೆದಳು, ಏನೂ ಬರಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಬರೀ ಗಾಳಿ. ‘ಮತ್ತೊಮ್ಮೆ ಹೇಳಿ’ ಎಂದಿತು ಮೆಷಿನ್ನು. ಅವಳು ಮತ್ತೊಮ್ಮೆ ಬಾಯಿ ತೆರೆದಳು. ‘ಮತ್ತೊಮ್ಮೆ ಹೇಳಿ.’ ಚಾರ್ಜರ್ ತನ್ನ ಪರದೆಯಲ್ಲಿ ಅದನ್ನು ನೋಡುತ್ತಿದ್ದ: ಐದನೇ ಸಾಲು, ಉತ್ತರವಿಲ್ಲ, ಉತ್ತರವಿಲ್ಲ, ಹನ್ನೊಂದು ಸಲ ಉತ್ತರವಿಲ್ಲ. ಹನ್ನೆರಡನೆಯ ಸಲಕ್ಕೆ ಸಾಲೇ ಖಾಲಿಯಾಯಿತು. ಅಕ್ಕ ಹೆಡ್‌ಸೆಟ್ ತಂದು, ಅವನ ಕೈಗೆ ಕೊಡದೆ, ಪಕ್ಕದ ಮೊಳೆಗೆ ನೇತುಹಾಕಿ ಹೊರಟುಹೋದಳು.

ಅಂಗಳಕ್ಕೆ ಹಾಕಲಿಲ್ಲ, ಅಷ್ಟರಮಟ್ಟಿಗೆ ಕಂಪನಿ ದೊಡ್ಡ ಮನಸ್ಸು ಮಾಡಿತು. ಗೋಡೌನಿಗೆ ಸದ್ದೇ ಇಲ್ಲದ ಹಾಗಾಗಿದೆ, ಅಕ್ಕನಿಗೆ ಏನಾದರೂ ಮಾಡಿ ಎಂದು ಡ್ರೈವರ್ ಮ್ಯಾನೇಜರ ಕೋಣೆಗೆ ಹೋಗಿ ಕೇಳಿದ್ದನಂತೆ. ಅಂಗಡಿಗಳಿಂದ ವಾಪಸು ಬಂದ ಒಡೆದ, ಸೋರುವ ಸಾಮಾನುಗಳನ್ನು ಬೇರ್ಪಡಿಸುವ ಮೇಜಿಗೆ ಅವಳನ್ನು ಕೂರಿಸಿದರು. ಆ ಮೇಜಿಗೆ ಆರು ತಿಂಗಳ ಅವಧಿ. ಆಮೇಲೆ ನೋಡೋಣ ಎಂದರು. ಅಲ್ಲಿ ನಡೆಯುವಂತಿಲ್ಲ, ಮಾತಾಡುವಂತಿಲ್ಲ. ಫಲಕದಲ್ಲಿ ಅವಳ ಸಾಲನ್ನು ಅಳಿಸಿದರು. ಚಾರ್ಜರ್‌ನ ಕೆಲಸ ತಿಂಗಳ ಕೊನೆಗೆ ಕಾಯಂ ಆಯಿತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವನು ಅಕ್ಕನ ಮನೆಗೆ ಹೋದ. ಕೈಯಲ್ಲಿ ಬಾಳೆಹಣ್ಣು, ಬೇರೇನು ಒಯ್ಯಬೇಕೆಂದು ಹೊಳೆದಿರಲಿಲ್ಲ. ಮುಂದಿನ ಕೋಣೆಯಲ್ಲಿ ಭಾವ ಹಲಗೆಯ ನೆಲದ ಮೇಲೆ ಕೂತು ಕುರ್ಚಿ ಹೆಣೆಯುತ್ತಿದ್ದರು. ಒಳಗಿನಿಂದ ನೆಲಕ್ಕೆ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದ ಅದುರು ಬಂತು. ಭಾವ ಬೆತ್ತ ಕೆಳಗಿಟ್ಟರು.

“ಎರಡು ಕುಟ್ಟಿದ್ರೆ ಕರೀತಿದ್ದಾಳೆ ಅಂತ” ಎಂದು ಅವನಿಗೆ ವಿವರಿಸಿದರು. “ಒಂದು ಕುಟ್ಟಿದ್ರೆ ಊಟ. ಮೂರಕ್ಕಿಂತ ಜಾಸ್ತಿ ಆದ್ರೆ ಬೈಗುಳ, ಲೆಕ್ಕ ಇಡಬಾರದು. ನಿಮ್ಮ ಮೆಷಿನ್ನು ಕಲೀಲಿಲ್ವಂತೆ ಇದನ್ನ. ನಾನು ನಾಲ್ಕು ದಿನದಲ್ಲಿ ಕಲ್ತೆ.” ನಕ್ಕರು. ಆಮೇಲೆ ಬೆತ್ತದ ತುದಿಯನ್ನು ಬೆರಳಿಗೆ ಸುತ್ತುತ್ತ, ತಮಗೇ ಹೇಳಿಕೊಳ್ಳುವಂತೆ, ಕಿವುಡರ ಆ ದೊಡ್ಡ ದನಿಯಲ್ಲಿ ಹೇಳಿದರು: “ನೆಲ ಅದುರೋದು ಗೊತ್ತಾಗುತ್ತೆ ಕಣಯ್ಯಾ. ಅವಳು ಅಂತ ಗೊತ್ತಾಗಲ್ಲ.”

ಎದ್ದು ಒಳಗೆ ಹೋಗಿ ಟೀ ಲೋಟ ತಂದುಕೊಟ್ಟು, ಅಂಗಡಿಗೆ ಹೋಗಿಬರುತ್ತೇನೆಂದು ಹೊರಟರು. ಅಕ್ಕ ಬಂದು ಎದುರಿನ ಅರ್ಧ ಹೆಣೆದ ಕುರ್ಚಿಯ ಅಂಚಿನಲ್ಲಿ ಕೂತಳು. ಗಂಟಲಿಗೆ ಬಟ್ಟೆ ಸುತ್ತಿತ್ತು. ಡಾಕ್ಟರಮ್ಮ ಈಗ ದಿನಕ್ಕೆ ಹತ್ತಿಪ್ಪತ್ತು ಮಾತಿಗೆ ಅಪ್ಪಣೆ ಕೊಟ್ಟಿದ್ದರು; ದನಿ ಪೂರ್ತಿ ಬರುವುದೋ ಇಲ್ಲವೋ ವರ್ಷ ಕಳೆದ ಮೇಲೆ ಹೇಳುತ್ತೇನೆ ಎಂದಿದ್ದರು.

ಚಾರ್ಜರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೇಳಬೇಕೆಂದು ಬಂದದ್ದನ್ನು ಲೋಟಕ್ಕೇ ಹೇಳಿದ: ಅರ್ಜಿ ಅಂತ ಒಂದಿತ್ತು, ತನ್ನ ಡ್ರಾಯರಿನಲ್ಲೇ ಇತ್ತು, ಎರಡು ಸಲ ಕೇಳಿದಾಗಲೂ ಇಲ್ಲ ಅಂದೆ, ಆ ತಿಂಗಳು ಕೆಲಸ ಕಾಯಂ ಆಗುವುದಿತ್ತು. ಅರ್ಜಿ ಹೋಗಿದ್ದರೂ ಕಚೇರಿಯವರು ಒಪ್ಪುತ್ತಿದ್ದರೋ ಏನೋ, ಅಂಗಳಕ್ಕೇ ಹಾಕುತ್ತಿದ್ದರೋ ಏನೋ, ಎಂದೂ ಸೇರಿಸಿದ. ಸೇರಿಸಿದ ಮೇಲೆ, ಅದನ್ನು ಸೇರಿಸಬಾರದಿತ್ತು ಅನ್ನಿಸಿತು.

ಅಕ್ಕ ಬೆತ್ತದ ಒಂದು ಎಳೆಯನ್ನು ಉಗುರಿನಿಂದ ಬಿಗಿ ಮಾಡುತ್ತಿದ್ದಳು. ಆಶ್ಚರ್ಯ ಪಟ್ಟ ಹಾಗೆ ಕಾಣಲಿಲ್ಲ.

“ಅಕ್ಕಾ, ನನ್ನ ಮೇಲೆ ಕೋಪ ಇದೆಯಾ?”

ಅವನು ನಿರೀಕ್ಷಿಸಿದ್ದು ತಲೆ ಅಡ್ಡಡ್ಡ ಆಡುವುದನ್ನು. ಮಾತು ಉಳಿಸುವ ಹೆಂಗಸು, ಮಾತು ಖರ್ಚು ಮಾಡಲಿಕ್ಕಿಲ್ಲ, ತಲೆಯಾಡಿಸಿ ಬಿಡುತ್ತಾಳೆ ಎಂದುಕೊಂಡಿದ್ದ. ಅಕ್ಕ ತಲೆಯಾಡಿಸಲಿಲ್ಲ. ಗಂಟಲಿನ ಬಟ್ಟೆ ಸರಿಮಾಡಿಕೊಂಡು, ಉಸಿರು ಎಳೆದುಕೊಂಡು, ಆ ದಿನದ ಪಾಲಿನಲ್ಲಿ ಎರಡು ಮಾತು ತೆಗೆದಳು.

“ಇದೆ. ಇರುತ್ತೆ.”